ಬಿಟ್‌ಕಾಯಿನ್ ಚಿಪ್‌ಗಳು ತಡವಾದುದೇಕೆ?

ಅಕ್ಕಿಯ ಗಿರಣಿಗೆಂದು ಒಬ್ಬರು ದೂರದ ಊರಿನಿಂದ ಯಂತ್ರವೊಂದನ್ನು ತರಿಸುತ್ತಾರೆಂದು ಭಾವಿಸೋಣ. ಯುಗಾದಿಗೆ ಬರಬೇಕಾಗಿದ್ದ ಯಂತ್ರವು ದೀಪಾವಳಿಗೆ ಬಂದರೆ ಅವರಿಗೆ ಏಳೆಂಟು ತಿಂಗಳ ಸಂಪಾದನೆ ತಪ್ಪಿಹೋಗುವುದು ನಿಜ. ಆದರೆ ಬಂದ ಮೇಲೆ ಆ ಯಂತ್ರವು ಗಂಟೆಗೆ ಇಷ್ಟು ಮೂಟೆ ಭತ್ತವೆಂದು ಹೇಳಿದ್ದರೆ ಅಷ್ಟನ್ನು ಅರೆದೇ ಅರೆಯುತ್ತದೆ. ಸುತ್ತಲಿನ ಹಳ್ಳಿಗಳಲ್ಲಿ ಅಷ್ಟರೊಳಗೆ ನೂರು ಗಿರಣಿಗಳೆದ್ದಿದ್ದರೂ ಇದರ ಬಾಯಿಯಿಂದ ಬೀಳುವ ಅಕ್ಕಿಯಲ್ಲಿ ಒಂದು ಕಾಳೂ ಕಡಮೆಯಾಗುವುದಿಲ್ಲ.

ಈ ಸಾಮಾನ್ಯ ನಿಯಮಕ್ಕೆ ಒಳಪಡದ ಯಂತ್ರವೊಂದುಂಟು. ಅದು ಪೆಟ್ಟಿಗೆಯೊಳಗೆ ಭದ್ರವಾಗಿದ್ದು, ತುಕ್ಕು ಹಿಡಿಯದೆ, ಸವೆಯದೆ ಇದ್ದಾಗಲೂ ಅದರ ಇಳುವರಿ ವಾರದಿಂದ ವಾರಕ್ಕೆ ಇಳಿಯುತ್ತ ಹೋಗುವುದು. ಬಿಟ್‌ಕಾಯಿನ್ ಎಂಬ ಗಣಕ ನಾಣ್ಯವನ್ನು ಗಳಿಸಲೆಂದೇ ರಚಿಸಿದ ಚಿಪ್‌ಗಳ ಯಂತ್ರವದು. 2012ರಿಂದ 2014ರವರೆಗೆ ಸಾವಿರಾರು ಜನರು ಇಂತಹ ಯಂತ್ರಗಳಿಗೆ ಮುಂಗಡವಾಗಿ ಪೂರ್ಣ ಬೆಲೆಯನ್ನು ತೆತ್ತು ಕಾದು ಕುಳಿತರು. ಹಲವರಿಗೆ ಯಂತ್ರ ಬಹಳ ತಡವಾಗಿ ಬಂತು. ಕೆಲವರಿಗೆ ಬರಲೇ ಇಲ್ಲ. ತಡವಾದರೆ ಅಷ್ಟು ನಷ್ಟವೇಕೆ, ಮತ್ತು ತಡವಾದುದಾದರೂ ಏಕೆ ಎಂಬ ಎರಡು ಪ್ರಶ್ನೆಗಳನ್ನು ನಾವಿಲ್ಲಿ ವಿಚಾರಮಾಡೋಣ. ಮೊದಲನೆಯದಕ್ಕೆ ಉತ್ತರ ಗಣಿತದಲ್ಲಿದೆ. ಎರಡನೆಯದಕ್ಕೆ ಉತ್ತರವನ್ನು ಭೌತಶಾಸ್ತ್ರದಲ್ಲಿಯೂ ಕಾರ್ಖಾನೆಯಲ್ಲಿಯೂ ಹುಡುಕಬೇಕು.

ಗಣಿಯಿಲ್ಲದ ಗಣಿಗಾರಿಕೆ

ಬಿಟ್‌ಕಾಯಿನ್ ಎಂಬುದು ಜಗತ್ತಿನ ಅನೇಕ ಗಣಕಯಂತ್ರಗಳು ಒಟ್ಟಾಗಿ ಬರೆದಿಡುವ ಒಂದು ಕಿರ್ದಿ ಪುಸ್ತಕ. ಸಟೋಶಿ ನಕಮೋಟೊ ಎಂಬ ಹೆಸರಿನಲ್ಲಿ 2008ರ ಅಕ್ಟೋಬರ್ 31ರಂದು ಪ್ರಕಟವಾದ ಒಂದು ಲೇಖನ ಇದರ ಮೂಲ. ಪುಸ್ತಕದ ಮೊದಲ ಪುಟ ಹುಟ್ಟಿದುದು 2009ರ ಜನವರಿ 3ರಂದು. ಈ ಪುಟಗಳಿಗೆ ಬ್ಲಾಕ್ ಎಂದು ಹೆಸರು. ಸುಮಾರು ಹತ್ತು ನಿಮಿಷಕ್ಕೊಂದು ಹೊಸ ಪುಟ ಸೇರುತ್ತದೆ. ಪುಟವನ್ನು ಸೇರಿಸುವ ಹಕ್ಕು ಯಾರಿಗೆ? ಅದನ್ನು ತೀರ್ಮಾನಿಸುವ ಶಾನುಭೋಗರಾಗಲಿ ಅಮಲ್ದಾರರಾಗಲಿ ಇಲ್ಲಿಲ್ಲ. ಒಂದು ಲೆಕ್ಕದ ಪಂದ್ಯದಲ್ಲಿ ಮೊದಲು ಗೆದ್ದವರಿಗೆ ಆ ಹಕ್ಕು ಸಲ್ಲುತ್ತದೆ. ಜೊತೆಗೆ ಹೊಸದಾಗಿ ಹುಟ್ಟುವ ನಾಣ್ಯಗಳೂ ಅವರಿಗೇ. ಆರಂಭದಲ್ಲಿ ಪುಟಕ್ಕೆ 50 ನಾಣ್ಯಗಳಿದ್ದುವು. ಪ್ರತಿ 2,10,000 ಪುಟಗಳಿಗೊಮ್ಮೆ ಈ ಬಹುಮಾನ ಅರ್ಧವಾಗುವುದು. 2012ರ ನವೆಂಬರ್ 28ರಂದು ಅದು 25ಕ್ಕೆ ಇಳಿಯಿತು. 2024ರ ಏಪ್ರಿಲಿನಿಂದ 3.125 ಆಗಿದೆ.

ಪಂದ್ಯವು ಹೀಗಿದೆ. ಪುಟದ ತಲೆಬರಹ 80 ಬೈಟ್‌ಗಳಷ್ಟು ಉದ್ದದ್ದು. ಅದರಲ್ಲಿ 32 ಬಿಟ್‌ಗಳ ಒಂದು ಸಂಖ್ಯೆಯನ್ನು ನಾವು ಇಷ್ಟಬಂದಂತೆ ಬದಲಿಸಬಹುದು. ಈ ತಲೆಬರಹವನ್ನು ಎಸ್‌ಎಚ್‌ಎ-256 ಎಂಬ ಕ್ರಿಯೆಗೆ ಎರಡು ಬಾರಿ ಒಳಪಡಿಸಿದರೆ 256 ಬಿಟ್‌ಗಳ ಒಂದು ಫಲ ಬರುತ್ತದೆ; ಇದಕ್ಕೆ ಹ್ಯಾಷ್ ಎಂದು ಹೆಸರು. ಈ ಫಲವು ಗೊತ್ತುಮಾಡಿದ ಒಂದು ಗುರಿಸಂಖ್ಯೆಗಿಂತ ಚಿಕ್ಕದಾಗಿದ್ದರೆ ಗೆಲುವು. ಇಲ್ಲದಿದ್ದರೆ ಸಂಖ್ಯೆಯನ್ನು ಬದಲಿಸಿ ಮತ್ತೆ ಯತ್ನ. ತಲೆಬರಹದಲ್ಲಿ ಒಂದೇ ಒಂದು ಬಿಟ್ ಬದಲಾದರೂ ಫಲದಲ್ಲಿ ಸುಮಾರು ಅರ್ಧದಷ್ಟು ಬಿಟ್‌ಗಳು ತಲೆಕೆಳಗಾಗುವುವು. ಆದುದರಿಂದ ಹಿಂದಿನ ಯತ್ನದಿಂದ ಮುಂದಿನ ಯತ್ನಕ್ಕೆ ಯಾವ ಸೂಚನೆಯೂ ಸಿಗುವುದಿಲ್ಲ. ದಾಳವನ್ನು ಎಸೆದಂತೆ ಎಸೆಯುತ್ತಲೇ ಇರಬೇಕು. ಹೆಚ್ಚು ಬೇಗ ಎಸೆಯುವವನಿಗೆ ಹೆಚ್ಚು ಗೆಲುವು. ಜಾಣತನಕ್ಕೆ ಇಲ್ಲಿ ಅವಕಾಶವಿಲ್ಲ. ಇದನ್ನೇ ‘ಗಣಿಗಾರಿಕೆ’ ಎನ್ನುತ್ತಾರೆ.

ಈಗ ಮುಖ್ಯವಾದ ಸಂಗತಿಗೆ ಬರೋಣ. ಎಸೆಯುವವರು ಹೆಚ್ಚಾದರೆ ಪುಟಗಳು ಹತ್ತು ನಿಮಿಷಕ್ಕಿಂತ ಬೇಗ ಹುಟ್ಟತೊಡಗುವುವು. ಇದನ್ನು ತಡೆಯಲು ಪ್ರತಿ 2016 ಪುಟಗಳಿಗೊಮ್ಮೆ, ಎಂದರೆ ಸುಮಾರು ಎರಡು ವಾರಕ್ಕೊಮ್ಮೆ, ಗುರಿಸಂಖ್ಯೆಯನ್ನು ತಾನಾಗಿಯೇ ಬದಲಿಸುವ ಏರ್ಪಾಡಿದೆ. ಇದರ ಅಳತೆಗೆ ‘ಕಠಿನತೆ’ ಎಂದು ಹೆಸರು. ಕಠಿನತೆ 1 ಆಗಿದ್ದಾಗ ಒಂದು ಗೆಲುವಿಗೆ ಸರಾಸರಿ ಸುಮಾರು 430 ಕೋಟಿ ಯತ್ನಗಳು ಬೇಕು. ಕಠಿನತೆ ಎಷ್ಟು ಪಟ್ಟು ಏರುವುದೋ ಯತ್ನಗಳೂ ಅಷ್ಟು ಪಟ್ಟು ಏರಬೇಕು. ಜಗತ್ತಿನಲ್ಲಿ ಯಂತ್ರಗಳ ಸಂಖ್ಯೆ ಎಷ್ಟೇ ಬೆಳೆಯಲಿ, ದಿನಕ್ಕೆ ಹುಟ್ಟುವ ಪುಟಗಳು 144ರ ಆಸುಪಾಸಿನಲ್ಲಿಯೇ ಉಳಿಯುವುವು. ಹಂಚಬೇಕಾದ ರಾಶಿ ಬೆಳೆಯದು, ಹಂಚಿಕೊಳ್ಳುವ ಕೈಗಳು ಮಾತ್ರ ಬೆಳೆಯುವುವು. ನಮ್ಮ ಗಿರಣಿಯ ಹೋಲಿಕೆ ಇಲ್ಲಿಗೆ ಸಲ್ಲದಿರುವುದು ಇದರಿಂದಲೇ.

ವಿಳಂಬದ ಲೆಕ್ಕ

2013ರ ಜನವರಿಯಲ್ಲಿ ಕಠಿನತೆ ಸುಮಾರು 30 ಲಕ್ಷವಿತ್ತು. ಇದನ್ನು 430 ಕೋಟಿಯಿಂದ ಗುಣಿಸಿ, ಹತ್ತು ನಿಮಿಷದ 600 ಸೆಕೆಂಡುಗಳಿಂದ ಭಾಗಿಸಿದರೆ, ಇಡೀ ಜಗತ್ತಿನ ಗಣಿಗಾರರೆಲ್ಲ ಸೇರಿ ಸೆಕೆಂಡಿಗೆ ಸುಮಾರು 21.5 ಲಕ್ಷ ಕೋಟಿ ಯತ್ನಗಳನ್ನು ನಡೆಸುತ್ತಿದ್ದರೆಂದು ಗೊತ್ತಾಗುವುದು. ಆಗ ಒಬ್ಬನ ಬಳಿ ಸೆಕೆಂಡಿಗೆ 6,000 ಕೋಟಿ ಯತ್ನಗಳ ಯಂತ್ರವೊಂದಿದ್ದರೆ ಅವನ ಪಾಲು 358ರಲ್ಲಿ ಒಂದು. ದಿನಕ್ಕೆ 144 ಪುಟ, ಪುಟಕ್ಕೆ 25 ನಾಣ್ಯದಂತೆ 3,600 ನಾಣ್ಯಗಳು ಹುಟ್ಟುತ್ತಿದ್ದುವಷ್ಟೆ. ಅವನಿಗೆ ದಿನಕ್ಕೆ ಹತ್ತು ನಾಣ್ಯಗಳು ಬರುವುವು.

ಒಂದು ವರ್ಷ ಕಳೆಯಿತು. 2014ರ ಜನವರಿಯ ಆರಂಭದಲ್ಲಿ ಕಠಿನತೆ 140 ಕೋಟಿಯನ್ನು ಮುಟ್ಟಿತ್ತು. ಎಂದರೆ ಸುಮಾರು 467 ಪಟ್ಟು. ಅದೇ ಯಂತ್ರ ಈಗ ದಿನಕ್ಕೆ ಗಳಿಸುವುದು 0.02 ನಾಣ್ಯ. ಒಂದು ನಾಣ್ಯ ಕೈಸೇರಲು ಸುಮಾರು 47 ದಿನಗಳು ಬೇಕು. ಯಂತ್ರದಲ್ಲಿ ಯಾವ ದೋಷವೂ ಬಂದಿಲ್ಲವೆಂಬುದನ್ನು ಮರೆಯಬಾರದು.

ಕಾಲೇಜಿನ ವಿದ್ಯಾರ್ಥಿಗಳು ಇದನ್ನು ಗುಣೋತ್ತರ ಶ್ರೇಢಿಯಾಗಿ ನೋಡಬಹುದು. ಲೆಕ್ಕದ ಸೌಕರ್ಯಕ್ಕಾಗಿ ಕಠಿನತೆಯು ಪ್ರತಿ ಅವಧಿಯಲ್ಲಿಯೂ ನೂರಕ್ಕೆ 25ರಂತೆ ಏರುತ್ತದೆಂದು ಇಟ್ಟುಕೊಳ್ಳೋಣ. 2013ರ ನಿಜವಾದ ಏರಿಕೆ ಇದಕ್ಕೆ ಬಹಳ ದೂರವಿರಲಿಲ್ಲ. ಆಗ ಪ್ರತಿ ಅವಧಿಯ ಗಳಿಕೆ ಅದರ ಹಿಂದಿನದರ ಐದರಲ್ಲಿ ನಾಲ್ಕು ಪಾಲು. ಮೊದಲ ಅವಧಿಯ ಗಳಿಕೆ 100 ಆದರೆ ಮುಂದೆ 80, 64, 51.2 ಹೀಗೆ ಇಳಿಯುತ್ತ ಹೋಗುವುದು. ಈ ಅನಂತ ಶ್ರೇಢಿಯ ಮೊತ್ತ 500. ಯಂತ್ರವನ್ನು ನೂರು ವರ್ಷ ನಡೆಸಿದರೂ ಅದು ಮೊದಲ ಅವಧಿಯ ಐದರಷ್ಟಕ್ಕಿಂತ ಹೆಚ್ಚು ಕೊಡಲಾರದು. ಈಗ ಅದು ಮೂರೇ ಮೂರು ಅವಧಿ, ಸುಮಾರು ಆರು ವಾರ, ತಡವಾಗಿ ಬಂದಿತೆನ್ನಿ. ಮೊದಲ ಮೂರು ಪದಗಳಾದ 100, 80, 64 ಕೈತಪ್ಪಿದುವು. ಮೊತ್ತದಲ್ಲಿ 244 ಹೋಯಿತು. ಆರು ವಾರದ ವಿಳಂಬಕ್ಕೆ ಆಯುಷ್ಯದ ಗಳಿಕೆಯಲ್ಲಿ ಸುಮಾರು ಅರ್ಧ ತೆರಬೇಕಾಯಿತು!

ನಾಣ್ಯಗಳ ಬೆಲೆಯೂ ಆ ವರ್ಷ ಏರಿತಲ್ಲ ಎಂದು ಕೆಲವರು ಕೇಳಬಹುದು. ಏರಿದುದು ನಿಜ: 2013ರ ಆರಂಭದಲ್ಲಿ 13 ಡಾಲರುಗಳಷ್ಟಿದ್ದ ಬಿಟ್‌ಕಾಯಿನ್ ನವೆಂಬರಿನ ಕೊನೆಗೆ 1,000 ಡಾಲರುಗಳನ್ನು ದಾಟಿತು. ಆದರೆ ಹೋಲಿಸಬೇಕಾದುದು ಬೇರೆ. 2012ರ ಜೂನಿನಲ್ಲಿ 1,299 ಡಾಲರುಗಳಿಗೆ ಸುಮಾರು 200 ನಾಣ್ಯಗಳನ್ನೇ ನೇರವಾಗಿ ಕೊಳ್ಳಬಹುದಾಗಿತ್ತು. ಅದೇ ಹಣಕ್ಕೆ ಯಂತ್ರವನ್ನು ಕೊಂಡು, ಅದು 2013ರ ಸೆಪ್ಟೆಂಬರಿನಲ್ಲಿ, ಕಠಿನತೆ 10 ಕೋಟಿಯಷ್ಟಿದ್ದಾಗ, ಮನೆ ಸೇರಿತೆಂದರೆ, ಮೇಲಿನ ಶ್ರೇಢಿಯ ಪ್ರಕಾರ ಅದರ ಜೀವಮಾನದ ಗಳಿಕೆ 20 ನಾಣ್ಯಗಳ ಆಸುಪಾಸಿನಲ್ಲಿಯೇ ನಿಲ್ಲುವುದು. ವಿದ್ಯುತ್ತಿನ ಖರ್ಚನ್ನು ನಾವು ಲೆಕ್ಕಕ್ಕೆ ಹಿಡಿದೇ ಇಲ್ಲ. ಬೆಲೆ ಏರಿದಷ್ಟೂ ಈ ಅಂತರ ಹೆಚ್ಚು ನೋಯಿಸುವುದೇ ಹೊರತು ಕಡಮೆಯಾಗುವುದಿಲ್ಲ.

ಇನ್ನೊಂದು ಸೂಕ್ಷ್ಮವನ್ನೂ ಇಲ್ಲಿಯೇ ಹೇಳಿಬಿಡಬೇಕು. ಯಂತ್ರಗಳೆಲ್ಲ ಹೇಳಿದ ದಿನಕ್ಕೇ ಬಂದಿದ್ದರೆ ಎಲ್ಲರಿಗೂ ಲಾಭವಾಗುತ್ತಿತ್ತೆ? ಇಲ್ಲ. ಎಲ್ಲವೂ ಒಮ್ಮೆಗೇ ಬಂದಿದ್ದರೆ ಕಠಿನತೆಯೂ ಒಮ್ಮೆಗೇ ಏರುತ್ತಿತ್ತು. ಗ್ರಾಹಕನು ಇಂದಿನ ಕಠಿನತೆಯನ್ನು ಹಿಡಿದು ಲಾಭದ ಲೆಕ್ಕ ಹಾಕುತ್ತಿದ್ದನು. ತನ್ನಂತೆಯೇ ಇನ್ನೂ ಸಾವಿರಾರು ಜನ ಅದೇ ಲೆಕ್ಕವನ್ನು ಹಾಕಿ ಅದೇ ಯಂತ್ರಕ್ಕೆ ಹಣ ಕಟ್ಟಿದ್ದಾರೆಂಬುದು ಆ ಲೆಕ್ಕದಲ್ಲಿ ಸೇರಿರಲಿಲ್ಲ.

ಸುಲಭವೆಂದು ತೋರಿದ ಕೆಲಸ

ಆರಂಭದಲ್ಲಿ ಮನೆಯ ಸಾಮಾನ್ಯ ಗಣಕಯಂತ್ರಗಳೇ ಗಣಿಗಾರಿಕೆಗೆ ಸಾಕಾಗಿದ್ದುವು. 2010ರ ಹೊತ್ತಿಗೆ ಚಿತ್ರಗಳನ್ನು ಮೂಡಿಸುವ ಗ್ರಾಫಿಕ್ಸ್ ಕಾರ್ಡುಗಳು ಅವುಗಳನ್ನು ಹಿಂದೆ ಹಾಕಿದುವು. 2011ರಲ್ಲಿ ಎಫ್‌ಪಿಜಿಎ ಎಂಬ, ಬೇಕಾದಂತೆ ಜೋಡಿಸಿಕೊಳ್ಳಬಹುದಾದ ಚಿಪ್‌ಗಳು ಬಂದುವು. ಇವೆಲ್ಲವೂ ಹಲವು ಕೆಲಸಗಳಿಗೆ ಒದಗುವಂಥವು. ಒಂದೇ ಕೆಲಸಕ್ಕೆಂದು ಹುಟ್ಟಿಸಿದ ಚಿಪ್ ಇವುಗಳಿಗಿಂತ ಬಹಳ ಮುಂದೆ ಹೋಗಬಲ್ಲುದೆಂಬುದು ಯಾರಿಗಾದರೂ ಹೊಳೆಯುವ ಮಾತೇ. ಇಂತಹ ಚಿಪ್‌ಗಳನ್ನು ಎಸಿಕ್ ಎಂದು ಕರೆಯುವರು.

ಎಸ್‌ಎಚ್‌ಎ-256 ಕ್ರಿಯೆಯಲ್ಲಿ 64 ಸುತ್ತುಗಳಿವೆ. ಪ್ರತಿ ಸುತ್ತಿನಲ್ಲಿಯೂ ಕೆಲವು ಕೂಡಿಕೆಗಳು, ಕೆಲವು ಬಿಟ್‌ಗಳ ಸ್ಥಾನಪಲ್ಲಟ, ಅಷ್ಟೆ. ಮನೆ ಕಟ್ಟುವಲ್ಲಿ ಆಳುಗಳು ಸಾಲಾಗಿ ನಿಂತು ಗಾರೆಯ ಬಾಣಲೆಯನ್ನು ಕೈಯಿಂದ ಕೈಗೆ ದಾಟಿಸುವುದನ್ನು ನೀವು ನೋಡಿರಬಹುದು. ಪ್ರತಿಯೊಬ್ಬನೂ ನಿಂತಲ್ಲಿಯೇ ನಿಂತಿರುತ್ತಾನೆ, ಒಂದೇ ಚಲನೆಯನ್ನು ಮಾಡುತ್ತಾನೆ. ಆದರೆ ಸಾಲಿನ ತುದಿಯಲ್ಲಿ ಕ್ಷಣಕ್ಕೊಂದು ಬಾಣಲೆ ಬರುತ್ತಿರುತ್ತದೆ. ಅದೇ ರೀತಿಯಲ್ಲಿ ಸುತ್ತು ಸುತ್ತಿಗೂ ಪ್ರತ್ಯೇಕ ವಿದ್ಯುನ್ಮಂಡಲವನ್ನಿರಿಸಿ ಸಾಲಾಗಿ ಜೋಡಿಸಿದರೆ, ಗಡಿಯಾರದ ಒಂದೊಂದು ಮಿಡಿತಕ್ಕೂ ಒಂದೊಂದು ಯತ್ನ ಮುಗಿಯುವುದು. ಗಡಿಯಾರ ಸೆಕೆಂಡಿಗೆ 50 ಕೋಟಿ ಬಾರಿ ಮಿಡಿದರೆ 50 ಕೋಟಿ ಯತ್ನಗಳು. ಒಂದು ಸಾಲಿಗೆ ‘ತಿರುಳು’ ಎಂದು ಹೆಸರಿಡೋಣ. ಚಿಪ್ಪಿನ ಮೇಲೆ ಇಂತಹ ನೂರಾರು ತಿರುಳುಗಳನ್ನು ಅಚ್ಚೊತ್ತಿದಂತೆ ಇರಿಸಬಹುದು. ಹೊರಗಿನಿಂದ ಬರಬೇಕಾದ ಮಾಹಿತಿ ಅತ್ಯಲ್ಪ. ನೆನಪಿನ ಕೋಶಗಳ ದೊಡ್ಡ ಉಗ್ರಾಣವೂ ಬೇಡ.

ತರ್ಕದ ದೃಷ್ಟಿಯಿಂದ ಇಷ್ಟು ಸರಳವಾದ ಚಿಪ್ ವಿರಳ. ಸಮರ್ಥನಾದ ವಿದ್ಯಾರ್ಥಿಯೊಬ್ಬ ಇದರ ತರ್ಕವನ್ನು ಕೆಲವು ವಾರಗಳಲ್ಲಿ ಬರೆಯಬಲ್ಲನು. ಈ ಸರಳತೆಯೇ ಅನೇಕರನ್ನು ದಾರಿತಪ್ಪಿಸಿತೆಂದು ನಮ್ಮ ಅಭಿಪ್ರಾಯ. ಬರೆದ ತರ್ಕಕ್ಕೂ ಕೈಗೆ ಬರುವ ಸಿಲಿಕಾನಿಗೂ ನಡುವಣ ದೂರವನ್ನು ಅವರು ಕಡಮೆಯಾಗಿ ಎಣಿಸಿದರು.

ಆ ದೂರ ಎಂತಹದು? ತರ್ಕವನ್ನು ಮೊದಲು ಲಕ್ಷಗಟ್ಟಲೆ ಸಣ್ಣ ದ್ವಾರಗಳ ಜಾಲವಾಗಿ ಪರಿವರ್ತಿಸಬೇಕು. ಒಂದೊಂದನ್ನೂ ಸಿಲಿಕಾನಿನ ಮೇಲೆ ಎಲ್ಲಿ ಕೂರಿಸಬೇಕು, ತಂತಿಗಳನ್ನು ಹೇಗೆ ಹಾಯಿಸಬೇಕು ಎಂಬುದನ್ನು ಗೊತ್ತುಮಾಡಬೇಕು. ಸಂಕೇತಗಳು ಗಡಿಯಾರದ ಮಿಡಿತದೊಳಗೆ ತಲಪುವುವೇ ಎಂದು ಪರೀಕ್ಷಿಸಬೇಕು. ಆಮೇಲೆ ಇಡೀ ನಕ್ಷೆಯನ್ನು ಕಾರ್ಖಾನೆಗೆ ಒಪ್ಪಿಸುವರು. ಈ ಒಪ್ಪಿಸುವಿಕೆಗೆ ‘ಟೇಪ್-ಔಟ್’ ಎಂದು ಹೆಸರು. ಹಿಂದೆ ನಕ್ಷೆಯನ್ನು ಕಾಂತೀಯ ಟೇಪಿನಲ್ಲಿ ಕಳುಹಿಸುತ್ತಿದ್ದ ಕಾಲದ ಮಾತು ಅದು. ಟೇಪ್ ಹೋಗಿ ಬಹಳ ದಿನಗಳಾದರೂ ಮಾತು ಉಳಿದಿದೆ.

ಟೇಪ್-ಔಟ್ ಆದ ಮೇಲೆ ವಿನ್ಯಾಸಕಾರನ ಕೈ ಕಟ್ಟಿಹೋಗುವುದು. ಕಾರ್ಖಾನೆಯು ನಕ್ಷೆಯಿಂದ ಹತ್ತಾರು ಮಾಸ್ಕ್‌ಗಳನ್ನು ಸಿದ್ಧಪಡಿಸುತ್ತದೆ. ಹಬ್ಬದ ದಿನ ರಂಗೋಲಿ ಹಾಕಲು ಬಳಸುವ ತೂತಿನ ತಗಡಿನಂತೆ ಇವೂ ಒಂದು ಬಗೆಯ ಪಡಿಯಚ್ಚುಗಳೇ. ಆದರೆ ಪುಡಿಯ ಬದಲು ಇವುಗಳ ಮೂಲಕ ಬೆಳಕನ್ನು ಹಾಯಿಸುವರು. 300 ಮಿಲಿಮೀಟರ್ ಅಗಲದ ಸಿಲಿಕಾನ್ ಬಿಲ್ಲೆಯ ಮೇಲೆ ಒಂದು ಪದರವನ್ನು ಮೂಡಿಸಿ, ತೊಳೆದು, ಕೊರೆದು, ಅದರ ಮೇಲೆ ಮತ್ತೊಂದನ್ನು ಮೂಡಿಸಬೇಕು. ಎರಡು ಮೂರು ತಿಂಗಳುಗಳು ಹೀಗೆ ಕಳೆಯುವುವು. ಒಂಬತ್ತು ಹೆಂಗಸರು ಸೇರಿದರೆ ಒಂದೇ ತಿಂಗಳಿಗೆ ಹೆರಿಗೆಯಾಗುವುದಿಲ್ಲವಷ್ಟೆ; ಪದರಗಳನ್ನೂ ಹಾಗೆ ಒಟ್ಟಿಗೆ ಮಾಡಲಾಗದು. ಹಣ ತೆತ್ತರೆ ಬಿಲ್ಲೆಗಳಿಗೆ ಸಾಲಿನಲ್ಲಿ ಮುಂದಿನ ಸ್ಥಾನ ಸಿಕ್ಕೀತು, ಪದರಗಳ ಸಂಖ್ಯೆ ಕಡಮೆಯಾಗದು. ಬಳಿಕ ಬಿಲ್ಲೆಯನ್ನು ಪರೀಕ್ಷಿಸಿ, ಚಿಪ್‌ಗಳಾಗಿ ಕತ್ತರಿಸಿ, ಒಂದೊಂದನ್ನೂ ಕವಚದಲ್ಲಿ ಕೂರಿಸಿ, ಹಲಗೆಗೆ ಬೆಸೆದು, ವಿದ್ಯುತ್ ಪೂರೈಕೆಯನ್ನೂ ತಂಪು ಮಾಡುವ ಸಾಧನವನ್ನೂ ಜೋಡಿಸಬೇಕು. ಇವುಗಳಲ್ಲಿ ಒಂದು ಕೊಂಡಿ ನಿಂತರೆ ಎಲ್ಲವೂ ನಿಲ್ಲುವುದು. ನಕ್ಷೆಯಲ್ಲಿಯೇ ತಪ್ಪಿದ್ದರಂತೂ ಮಾಸ್ಕ್‌ಗಳನ್ನು ಮತ್ತೆ ಮಾಡಿಸಬೇಕು. 28 ನ್ಯಾನೊಮೀಟರ್ ತಂತ್ರದಲ್ಲಿ ಒಂದು ಜೊತೆ ಮಾಸ್ಕ್‌ಗಳಿಗೇ ಹತ್ತು ಲಕ್ಷ ಡಾಲರುಗಳಿಗೂ ಮೀರಿದ ವೆಚ್ಚ. ಹಣಕ್ಕಿಂತ ಹೆಚ್ಚಾಗಿ, ಕಳೆದ ಮೂರು ತಿಂಗಳುಗಳು ಮತ್ತೆ ಕಳೆಯಬೇಕು. ಮೂರು ತಿಂಗಳೆಂದರೆ ಮೇಲಿನ ಲೆಕ್ಕದಲ್ಲಿ ಆರೇಳು ಅವಧಿಗಳು: ಆಯುಷ್ಯದ ಗಳಿಕೆಯಲ್ಲಿ ಕಾಲುಭಾಗದಷ್ಟು ಮಾತ್ರ ಉಳಿದೀತು.

ಶಾಖವೆಂಬ ಶತ್ರು

ಗಣಿಗಾರಿಕೆಯ ಚಿಪ್‌ಗಳನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದುದು ತರ್ಕದ ತಪ್ಪಲ್ಲ, ವಿದ್ಯುತ್ತು. ಇದರ ಕಾರಣ ಬಹಳ ಸ್ವಾರಸ್ಯವಾದುದು.

ಚಿಪ್ಪಿನೊಳಗಣ ಒಂದು ತಂತಿ 0ಯಿಂದ 1ಕ್ಕೆ ಏರುವಾಗ ಅದರ ಧಾರಣೆಯನ್ನು ತುಂಬಲು ಸ್ವಲ್ಪ ಶಕ್ತಿ ವ್ಯಯವಾಗುವುದು. ಒಟ್ಟು ವ್ಯಯವು ನಾಲ್ಕು ಅಂಶಗಳ ಗುಣಲಬ್ಧಕ್ಕೆ ಅನುಪಾತವಾಗಿರುತ್ತದೆ: ತಂತಿಗಳ ಧಾರಣೆ, ವೋಲ್ಟೇಜಿನ ವರ್ಗ, ಗಡಿಯಾರದ ಆವೃತ್ತಿ ಮತ್ತು ಪ್ರತಿ ಮಿಡಿತಕ್ಕೆ ಎಷ್ಟು ಪಾಲು ತಂತಿಗಳು ಬದಲಾಗುವುವೆಂಬ ಚಟುವಟಿಕೆಯ ಪ್ರಮಾಣ. ಸಾಮಾನ್ಯ ಗಣಕದ ಚಿಪ್ಪಿನಲ್ಲಿ ಯಾವ ಕ್ಷಣದಲ್ಲಿ ನೋಡಿದರೂ ಬಹುಪಾಲು ತಂತಿಗಳು ಸುಮ್ಮನಿರುತ್ತವೆ. ಅಲ್ಲಿನ ನೆನಪಿನ ಕೋಶಗಳು ತಮ್ಮ ಸರದಿಗಾಗಿ ಕಾಯುತ್ತಿರುತ್ತವೆ. ಹ್ಯಾಷ್ ಕ್ರಿಯೆಯಾದರೋ ಬಿಟ್‌ಗಳನ್ನು ಚೆನ್ನಾಗಿ ಕಲಸಲೆಂದೇ ಹುಟ್ಟಿದುದು. ಪ್ರತಿ ಮಿಡಿತದಲ್ಲಿಯೂ ಸುಮಾರು ಅರ್ಧದಷ್ಟು ಬಿಟ್‌ಗಳು ತಲೆಕೆಳಗಾಗುವುವೆಂದು ಆಗಲೇ ಹೇಳಿದೆವು. ಅದೂ ಒಂದು ಮೂಲೆಯಲ್ಲಲ್ಲ, ಇಡೀ ಚಿಪ್ಪಿನ ಮೇಲೆ, ಹಗಲೂ ಇರುಳೂ. ಸಾಮಾನ್ಯ ಚಿಪ್‌ಗಳ ಅನುಭವದಿಂದ ಹಾಕಿದ ಅಂದಾಜು ಇಲ್ಲಿ ಸುಳ್ಳಾಗುವುದು ಸಹಜವೇ ಸರಿ.

ಒಂದು ಚಿಪ್ 0.8 ವೋಲ್ಟಿನಲ್ಲಿ 240 ವಾಟ್‌ಗಳನ್ನು ಬಳಸುತ್ತದೆಂದು ಇಟ್ಟುಕೊಳ್ಳಿರಿ. ಪ್ರವಾಹ ಎಷ್ಟು? 300 ಆಂಪಿಯರ್. ನಮ್ಮ ಮನೆಯ 1,000 ವಾಟಿನ ಇಸ್ತ್ರಿಪೆಟ್ಟಿಗೆ 230 ವೋಲ್ಟಿನಲ್ಲಿ ಎಳೆಯುವುದು ನಾಲ್ಕೂಕಾಲು ಆಂಪಿಯರ್ ಮಾತ್ರ. 300 ಆಂಪಿಯರುಗಳು ಉಗುರಿನಷ್ಟು ಅಗಲದ ಸಿಲಿಕಾನಿನೊಳಕ್ಕೆ ಹೋಗಬೇಕು. ದಾರಿಯಲ್ಲಿ ಓಮಿನ ಸಾವಿರದಲ್ಲೊಂದು ಪಾಲು ರೋಧವಿದ್ದರೂ 0.3 ವೋಲ್ಟ್ ಅಲ್ಲಿಯೇ ಕರಗಿಹೋಗುವುದು. 90 ವಾಟ್‌ಗಳು ದಾರಿಯನ್ನೇ ಕಾಯಿಸುವುವು. ತಿರುಳುಗಳಿಗೆ ತಲಪುವುದು ಅರ್ಧ ವೋಲ್ಟ್. ಅಷ್ಟರಲ್ಲಿ ಅವು ಹೇಳಿದ ವೇಗಕ್ಕೆ ನಡೆಯಲಾರವು. ವೋಲ್ಟೇಜನ್ನು ಏರಿಸಿದರೆ ವ್ಯಯವು ವರ್ಗದಂತೆ ಏರುವುದು, ಶಾಖ ಹೆಚ್ಚುವುದು, ಶಾಖ ಹೆಚ್ಚಿದಂತೆ ಸುಮ್ಮನಿರುವ ಟ್ರಾನ್ಸಿಸ್ಟರುಗಳಿಂದಲೂ ಸೋರುವ ಪ್ರವಾಹ ಹೆಚ್ಚುವುದು, ಅದು ಮತ್ತೆ ಶಾಖವನ್ನು ಹೆಚ್ಚಿಸುವುದು. ಆದುದರಿಂದ ಈ ಕೆಲಸದಲ್ಲಿ ಚಿಪ್ಪಿನಷ್ಟೇ ಮುಖ್ಯವಾದುವು ಅದರ ಕವಚ, ಹಲಗೆಯ ತಾಮ್ರ ಮತ್ತು ಗಾಳಿ ಬೀಸುವ ಫ್ಯಾನು.

ಅಮೆರಿಕದ ಕಾನ್ಸಸ್ ಸಂಸ್ಥಾನದ ಬಟರ್‌ಫ್ಲೈ ಲ್ಯಾಬ್ಸ್ ಕಂಪನಿಯ ಕಥೆ ಇದಕ್ಕೆ ಪ್ರಸಿದ್ಧವಾದ ಉದಾಹರಣೆ. 2012ರ ಜೂನಿನಲ್ಲಿ ಅವರು 65 ನ್ಯಾನೊಮೀಟರ್ ಚಿಪ್ಪಿನ ಯಂತ್ರಗಳನ್ನು ಪ್ರಕಟಿಸಿದರು. ಅತ್ಯಂತ ಚಿಕ್ಕದರ ಬೆಲೆ 149 ಡಾಲರ್. ಅದಕ್ಕೆ ಹಾಲಪೀನ್ಯೊ ಎಂಬ ಮೆಕ್ಸಿಕೋದ ಮೆಣಸಿನಕಾಯಿಯ ಹೆಸರು. ಗಣಕದ ಯುಎಸ್‌ಬಿ ಕಿಂಡಿಯಿಂದ ಬರುವ ಅಲ್ಪ ವಿದ್ಯುತ್ತೇ ಅದಕ್ಕೆ ಸಾಕೆಂದೂ, ಅದರ ಮೇಲೆ ಕಾಫಿಯ ಬಟ್ಟಲನ್ನು ಇಟ್ಟರೆ ಕಾಫಿ ಬೆಚ್ಚಗಿರುವುದೆಂದೂ ಜಾಹೀರಾತು ಹೇಳಿತು. ಯಂತ್ರಗಳು ಆ ವರ್ಷದ ಕೊನೆಗೆ ಬರಬೇಕಾಗಿದ್ದುವು. ಮೊದಲ ಕೆಲವು ಹೊರಟುದು 2013ರ ಏಪ್ರಿಲಿನಲ್ಲಿ. ಚಿಪ್ಪು ಲೆಕ್ಕವನ್ನೇನೋ ಸರಿಯಾಗಿಯೇ ಮಾಡಿತು; ಆದರೆ ಹೇಳಿದುದಕ್ಕಿಂತ ಹಲವು ಪಟ್ಟು ವಿದ್ಯುತ್ತನ್ನು ನುಂಗಿತು. ಯುಎಸ್‌ಬಿ ಕಿಂಡಿ ಸಾಲದೆ ಪ್ರತ್ಯೇಕ ವಿದ್ಯುತ್ ಪೆಟ್ಟಿಗೆ ಬೇಕಾಯಿತು; ದೊಡ್ಡ ಯಂತ್ರಗಳ ಹಲಗೆ, ಪೂರೈಕೆ, ಪೆಟ್ಟಿಗೆಗಳೆಲ್ಲವನ್ನೂ ಹೊಸದಾಗಿ ಯೋಚಿಸಬೇಕಾಯಿತು. ಮೆಣಸಿನಕಾಯಿಯ ಹೆಸರು ಮಾತ್ರ ಸಾರ್ಥಕವಾಯಿತು.

ಇದಕ್ಕೆ ಪ್ರತಿಯಾಗಿ ಚೀನಾದ ಅವಲಾನ್ ತಂಡದವರು 110 ನ್ಯಾನೊಮೀಟರಿನ ಹಳೆಯ ತಂತ್ರವನ್ನು ಆರಿಸಿಕೊಂಡರು. ಅದು ಆಗಲೇ ಹಳತಾಗಿದ್ದ ತಂತ್ರ. ಚಿಪ್ ನಿಧಾನ, ಒಂದೊಂದೂ ಸೆಕೆಂಡಿಗೆ ಸುಮಾರು 28 ಕೋಟಿ ಯತ್ನಗಳಷ್ಟೆ. ಆದರೆ ಮಾಸ್ಕ್‌ಗಳು ಅಗ್ಗ, ಕಾರ್ಖಾನೆಗೆ ಚೆನ್ನಾಗಿ ಪಳಗಿದ ಕೆಲಸ, ಒಂದೊಂದು ಚಿಪ್ಪಿನ ಶಾಖವೂ ಸ್ವಲ್ಪ. ಒಂದು ಯಂತ್ರದಲ್ಲಿ 240 ಚಿಪ್‌ಗಳನ್ನು ಹರಡಿ ಕೂರಿಸಿದರು. 2013ರ ಜನವರಿಯ ಕೊನೆಯಲ್ಲಿ ಅವರ ಮೊದಲ ಯಂತ್ರ ಗ್ರಾಹಕನ ಮನೆಯಲ್ಲಿ ಓಡತೊಡಗಿತು. ಅವರ ಮುಂದಿನ ಕಂತುಗಳೂ ತಡವಾದುವೆಂಬುದನ್ನು ಹೇಳಬೇಕು. ಆದರೂ ಮೊದಲ ಓಟದಲ್ಲಿ ಹಳೆಯ ಎತ್ತಿನಗಾಡಿ ಹೊಸ ಮೋಟಾರಿಗಿಂತ ಮೊದಲು ಊರು ಸೇರಿತು.

2013ರ ಉತ್ತರಾರ್ಧದಲ್ಲಿ ಹಲವರು ಒಮ್ಮೆಗೇ 28 ನ್ಯಾನೊಮೀಟರಿಗೆ ಹಾರಿದರು. ಕ್ಯಾಲಿಫೋರ್ನಿಯದ ಹ್ಯಾಷ್‌ಫಾಸ್ಟ್ ಒಂದೇ ಚಿಪ್ಪಿನಲ್ಲಿ ಸೆಕೆಂಡಿಗೆ 40,000 ಕೋಟಿ ಯತ್ನಗಳೆಂದು ಹೇಳಿ ಅಕ್ಟೋಬರಿಗೆ ಯಂತ್ರವನ್ನು ಕೊಡುವುದಾಗಿ ಮಾತು ಕೊಟ್ಟಿತು. ಮಾತು ತಪ್ಪಿ, 2014ರಲ್ಲಿ ದಿವಾಳಿಯ ನ್ಯಾಯಾಲಯವನ್ನು ಸೇರಿತು. ಟೆಕ್ಸಸ್ಸಿನ ಕಾಯಿನ್‌ಟೆರ್ರಾದ ಯಂತ್ರ ಸೆಕೆಂಡಿಗೆ 2 ಲಕ್ಷ ಕೋಟಿ ಯತ್ನಗಳ ಭರವಸೆಯೊಡನೆ ಮಾರಾಟವಾಯಿತು. 2014ರ ಜನವರಿಯಲ್ಲಿ ಹೊರಬಂದಾಗ 1.6 ಲಕ್ಷ ಕೋಟಿಯ ಆಸುಪಾಸಿನಲ್ಲಿ ನಿಂತಿತು, ವಿದ್ಯುತ್ತನ್ನಂತೂ ಹೆಚ್ಚಾಗಿಯೇ ಬೇಡಿತು. ಒಂದು ವರ್ಷದಲ್ಲಿ ಆ ಕಂಪನಿಯೂ ದಿವಾಳಿಯಾಯಿತು. ಸ್ವೀಡನ್ನಿನ ಕೆಎನ್‌ಸಿ ಮೈನರ್ ಮಾತ್ರ 2013ರ ಅಕ್ಟೋಬರಿನಲ್ಲಿ ತನ್ನ 28 ನ್ಯಾನೊಮೀಟರ್ ಯಂತ್ರಗಳನ್ನು ಕೊಟ್ಟಿತು. ಅವು ಮೊದಲು ಹೇಳಿದ್ದ ವೇಗವನ್ನು ಮೀರಿ ಓಡಿದುವು. ಆದರೆ ಬಹುಮಾನ ಮತ್ತೆ ಅರ್ಧವಾಗಲು ಎರಡು ತಿಂಗಳುಗಳಿದ್ದಾಗ, 2016ರ ಮೇ ತಿಂಗಳಿನಲ್ಲಿ, ಅದೂ ದಿವಾಳಿಯ ಅರ್ಜಿ ಹಾಕಿಕೊಂಡಿತು.

ಈ ಚಿಪ್‌ಗಳಿಗೆ ಒಂದು ಅಪೂರ್ವ ಸೌಲಭ್ಯವುಂಟೆಂಬುದನ್ನೂ ಗಮನಿಸಬೇಕು. ಬ್ಯಾಂಕಿನ ಗಣಕ ಒಂದು ಕೂಡಿಕೆಯಲ್ಲಿ ತಪ್ಪಿದರೆ ಅನಾಹುತ. ಗಣಿಗಾರಿಕೆಯ ಚಿಪ್ ತಪ್ಪಿದರೆ ಒಂದು ಯತ್ನ ವ್ಯರ್ಥವಾಯಿತು, ಅಷ್ಟೆ. ಗೆದ್ದೆನೆಂದು ಚಿಪ್ ಹೇಳಿದಾಗ ಪಕ್ಕದ ನಿಯಂತ್ರಕ ಅದನ್ನು ಇನ್ನೊಮ್ಮೆ ಲೆಕ್ಕ ಹಾಕಿ ನೋಡುತ್ತದೆ. ಆದುದರಿಂದ ನೂರರಲ್ಲಿ ಒಂದೆರಡು ತಪ್ಪುಗಳನ್ನು ಸಹಿಸಿಕೊಂಡು ವೋಲ್ಟೇಜನ್ನು ಇಳಿಸಬಹುದು. ಕೆಟ್ಟ ತಿರುಳುಗಳನ್ನು ಬದಿಗಿಟ್ಟು ಉಳಿದುವನ್ನು ದುಡಿಸಬಹುದು. ಬೇರೆ ಚಿಪ್ ಆಗಿದ್ದರೆ ಕಸದ ಬುಟ್ಟಿಗೆ ಹೋಗಬೇಕಾದುದು ಇಲ್ಲಿ ಸ್ವಲ್ಪ ಕಡಮೆ ಬೆಲೆಗೆ ಮಾರಾಟವಾಗುವುದು. ಈ ಸೌಲಭ್ಯಕ್ಕೆ ಒಂದು ಮಿತಿಯುಂಟು: ತಪ್ಪು ತಿರುಳಿನ ನಕ್ಷೆಯಲ್ಲಿಯೇ ಇದ್ದರೆ ನೂರು ಪ್ರತಿಗಳಲ್ಲಿಯೂ ಅದೇ ತಪ್ಪು.

ವೋಲ್ಟೇಜಿನ ವರ್ಗ ಎಂಬ ಅಂಶವೇ ಮುಂದಿನ ವರ್ಷಗಳ ಪೈಪೋಟಿಗೆ ದಾರಿಯಾಯಿತು. ವೋಲ್ಟೇಜನ್ನು ಅರ್ಧಕ್ಕೆ ಇಳಿಸಿದರೆ ಒಂದು ಯತ್ನದ ಶಕ್ತಿವ್ಯಯ ಕಾಲುಭಾಗಕ್ಕೆ ಇಳಿಯುವುದು. ವೇಗವೂ ಇಳಿಯುವುದಾದರೂ ಚಿಪ್‌ಗಳ ಸಂಖ್ಯೆಯನ್ನು ಹೆಚ್ಚಿಸಿ ಅದನ್ನು ತುಂಬಿಕೊಳ್ಳಬಹುದು. ಇಷ್ಟು ಕಡಮೆ ವೋಲ್ಟೇಜಿನಲ್ಲಿ ಭಾರಿ ಪ್ರವಾಹವನ್ನು ಸಾಗಿಸುವ ಕಷ್ಟವನ್ನು ತಪ್ಪಿಸಲು ಚಿಪ್‌ಗಳ ಗುಂಪುಗಳನ್ನು ದೀಪಾವಳಿಯ ವಿದ್ಯುದ್ದೀಪಗಳ ಸರದಂತೆ ಸರಣಿಯಲ್ಲಿ ಜೋಡಿಸುವ ಉಪಾಯವೂ ಬಂತು. ಬಿಟ್‌ಮೈನ್ ಕಂಪನಿಯ 2016ರ ಎಸ್9 ಯಂತ್ರ ಇಂತಹುದು. ಅದರ ಮೂರು ಹಲಗೆಗಳಲ್ಲಿ 189 ಚಿಪ್‌ಗಳಿದ್ದುವು. ಸರದ ಒಂದು ಗುಂಪು ಕೆಟ್ಟರೆ ಹಲಗೆಯೇ ನಿಲ್ಲುವ ಅಪಾಯ ಇದರ ಜೊತೆಗೇ ಬಂದಿತು. 2022ರಲ್ಲಿ ಇಂಟೆಲ್ ಕಂಪನಿ 0.355 ವೋಲ್ಟಿನಲ್ಲಿ ದುಡಿಯುವ ಗಣಿಗಾರಿಕೆಯ ಚಿಪ್ಪೊಂದನ್ನು ವಿದ್ವತ್ಸಭೆಯಲ್ಲಿ ವಿವರಿಸಿ, ಅದರ ಮುಂದಿನ ಪೀಳಿಗೆಯನ್ನು ಮಾರಾಟಕ್ಕೂ ತಂದಿತು. ಚಿಪ್ ತಯಾರಿಕೆಯಲ್ಲಿ ಅದಕ್ಕಿಂತ ಅನುಭವಿಗಳು ಕಡಮೆ. ಆದರೂ 2023ರ ಏಪ್ರಿಲಿನಲ್ಲಿ, ಒಂದೇ ವರ್ಷದ ಬಳಿಕ, ಆ ವ್ಯಾಪಾರವನ್ನು ನಿಲ್ಲಿಸುವುದಾಗಿ ಪ್ರಕಟಿಸಿತು.

ಮುಂಗಡದ ಹಣ

ವಿಮಾನವಾಗಲಿ ಸೇತುವೆಯಾಗಲಿ ಹೇಳಿದ ದಿನಕ್ಕೆ ಮುಗಿಯುವುದು ಅಪರೂಪವೇ. ಇಲ್ಲಿನ ವಿಶೇಷವೆಂದರೆ, ಟೇಪ್-ಔಟಿನ ಮತ್ತು ಮಾಸ್ಕ್‌ಗಳ ವೆಚ್ಚವನ್ನು ಬಹುಮಟ್ಟಿಗೆ ಗ್ರಾಹಕರ ಮುಂಗಡದಿಂದಲೇ ತೆತ್ತರು. ಬಂಡವಾಳಗಾರನಾಗಿದ್ದರೆ ಅಪಾಯಕ್ಕೆ ತಕ್ಕ ಪಾಲು ಕೇಳುತ್ತಿದ್ದನು. ಗ್ರಾಹಕನು ಅಪಾಯವನ್ನು ಹೊತ್ತನು, ಪಾಲು ಪಡೆಯಲಿಲ್ಲ. ಇದಕ್ಕಿಂತ ಕೆಡುಕಾದ ಒಂದು ಪ್ರಲೋಭನೆಯೂ ಈ ಯಂತ್ರದ ಸ್ವಭಾವದಲ್ಲಿಯೇ ಇದೆ. ಗಿರಣಿಯ ಯಂತ್ರ ಮಾಡುವವನು ಅದನ್ನು ತಾನೇ ಇಟ್ಟುಕೊಂಡು ಏನು ಮಾಡಿಯಾನು? ಭತ್ತ ಬೇಕು, ಕೊಳ್ಳುವವರು ಬೇಕು. ಗಣಿಗಾರಿಕೆಯ ಯಂತ್ರಕ್ಕಾದರೋ ವಿದ್ಯುತ್ತೂ ತಂತಿಯೂ ಇದ್ದರೆ ಸಾಕು, ಕಾರ್ಖಾನೆಯ ಮೇಜಿನ ಮೇಲೆಯೇ ಅದು ನಾಣ್ಯ ಗಳಿಸುತ್ತದೆ. ‘ಪರೀಕ್ಷೆ’ ಎಷ್ಟು ದಿನ ನಡೆಯಬೇಕೆಂದು ಯಾರು ಹೇಳಬೇಕು?

2014ರ ಸೆಪ್ಟೆಂಬರಿನಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಬಟರ್‌ಫ್ಲೈ ಲ್ಯಾಬ್ಸಿನ ಮೇಲೆ ದಾವೆ ಹೂಡಿದುದನ್ನು ಪ್ರಕಟಿಸಿತು. ಒಂದು ವರ್ಷ ಹಿಂದೆ, 2013ರ ಸೆಪ್ಟೆಂಬರಿನಲ್ಲಿ, ಇಪ್ಪತ್ತು ಸಾವಿರಕ್ಕೂ ಹೆಚ್ಚು ಗ್ರಾಹಕರು ಹಣ ತೆತ್ತು ಯಂತ್ರವಿಲ್ಲದೆ ಇದ್ದರೆಂದು ಅದರ ದೂರು. ಗ್ರಾಹಕರಿಗೆ ಸೇರಬೇಕಾದ ಯಂತ್ರಗಳಿಂದ ಕಂಪನಿ ತಾನೇ ನಾಣ್ಯ ಗಳಿಸಿಕೊಂಡಿತೆಂಬ ಆಪಾದನೆಯೂ ಅದರಲ್ಲಿ ಸೇರಿತ್ತು. 2016ರ ಫೆಬ್ರವರಿಯಲ್ಲಿ ವ್ಯಾಜ್ಯ ರಾಜಿಯಲ್ಲಿ ಮುಗಿಯಿತು. ಗಣಿಗಾರಿಕೆಯ ಯಂತ್ರ ಸಿದ್ಧವಾಗಿದ್ದು, 30 ದಿನಗಳೊಳಗೆ ಗ್ರಾಹಕನಿಗೆ ತಲಪುವಂತಿದ್ದರೆ ಮಾತ್ರ ಮುಂಗಡ ಹಣ ಪಡೆಯಬೇಕೆಂಬುದು ಆ ರಾಜಿಯ ಷರತ್ತುಗಳಲ್ಲೊಂದು. ಕಠಿನತೆಯ ಅವಧಿಗಳಲ್ಲಿ ಹೇಳುವುದಾದರೆ 30 ದಿನಗಳೆಂದರೆ ಎರಡಕ್ಕಿಂತ ಸ್ವಲ್ಪ ಹೆಚ್ಚು; 2013ರ ಏರಿಕೆಯಂತೆ ಲೆಕ್ಕ ಹಾಕಿದರೆ ಅಷ್ಟರಲ್ಲಿಯೂ ಯಂತ್ರವು ತನ್ನ ಗಳಿಕೆಯ ಮೂರನೆಯ ಒಂದು ಪಾಲಿಗಿಂತ ಹೆಚ್ಚನ್ನು ಕಳೆದುಕೊಂಡಿರುತ್ತಿತ್ತು.